ಹಳದಿ ದೀಪ ಹತ್ತಿದ ಸೋಮವಾರ

ಸಂಡೂರಿನ ಏರಿನಲ್ಲಿ ಮುಂದೊಂದು ಅದಿರಿನ ಲಾರಿ, ಹಿಂದೊಂದು ಅದಿರಿನ ಲಾರಿ, ನಡುವೆ ನನ್ನ ಪುಟ್ಟ ಕಾರು. ಇಂಥ ಹೊತ್ತಿನಲ್ಲಿ ಬೇರೆಯವರಿಗೆ ದೇವರು ನೆನಪಾಗುತ್ತಾನಂತೆ. ನನಗೆ ಬರುವುದು ಸಿಟ್ಟು. ಹೊಸಪೇಟೆಯ ಮನೆಯಿಂದ ಸಂಡೂರಿನ ಶಾಲೆಗೆ ಕನ್ನಡ ಪಾಠ ಹೇಳಲು ಹೋಗುತ್ತ ದಾರಿಯಲ್ಲಿ ನಾನು ಆಡುವ ಕನ್ನಡವನ್ನು ನನ್ನ ವಿದ್ಯಾರ್ಥಿಗಳು ಕೇಳಿಸಿಕೊಂಡರೆ ನನ್ನ ನೌಕರಿ ಉಳಿಯಲಿಕ್ಕಿಲ್ಲ. ಆ ಸೋಮವಾರವೂ ಮುಂದಿನ ಲಾರಿಯವನ ಏಳು ತಲೆಮಾರನ್ನು ನೆನೆಯುತ್ತ ಗೇರು ಇಳಿಸಿದೆ. ಆಗ ಸ್ಟಿಯರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ, ಒಂದು ಹಳದಿ ದೀಪ ಹತ್ತಿತು.

ಅದು ಇಂಜಿನ್ನಿನ ಚಿತ್ರವಂತೆ. ನನಗಂತೂ ನೀರಿನ ನಲ್ಲಿಯ ಹಾಗೆ ಕಂಡಿತು. ಕಾರು ಕೊಂಡು ನಾಲ್ಕು ವರ್ಷವಾಗಿತ್ತು. ಅದರ ಜೊತೆ ಬಂದ ಪುಸ್ತಕವನ್ನು ಒಮ್ಮೆಯೂ ತೆರೆದಿರಲಿಲ್ಲ. ಪ್ರಶ್ನೆಯನ್ನು ಎರಡು ಸಲ ಓದಿ, ಆಮೇಲೆ ಉತ್ತರ ಬರೆಯಿರಿ ಎಂದು ಮಕ್ಕಳಿಗೆ ಹೇಳಿ ಹೇಳಿ ಗಂಟಲು ಹರಿದುಕೊಂಡವಳು ನಾನು! ಬೆಳಿಗ್ಗೆ ಚಾವಿ ತಿರುವಿದಾಗ ಇಂಥ ಐದಾರು ದೀಪಗಳು ಒಟ್ಟಿಗೇ ಹತ್ತಿ ಆರುವುದನ್ನು ನೋಡಿದ್ದೆ, ಅಷ್ಟೇ. ಇದು ಆರಲಿಲ್ಲ. ಗಾಡಿ ಓಡುತ್ತಿತ್ತು, ಏರಿನಲ್ಲಿ ಎಳೆತ ಮಾತ್ರ ಸ್ವಲ್ಪ ಕಡಿಮೆಯಾದಂತಿತ್ತು. ಶಾಲೆ ಮುಟ್ಟುವ ತನಕ ರಸ್ತೆಗಿಂತ ಆ ದೀಪವನ್ನೇ ಹೆಚ್ಚು ನೋಡಿದೆ. ಶಾಲೆಯ ಗೇಟು ಬರುವಷ್ಟರಲ್ಲಿ ಅದು ಯಾಕೆ ಹತ್ತಿದೆ ಎಂಬುದು ನನಗೆ ಖಾತ್ರಿಯಾಗಿತ್ತು. ಗಾಡಿ ರಿಪೇರಿಯ ಮಿಸ್ತ್ರಿ ಏನೋ ಕೆಡಿಸಿದ್ದಾರೆ.

ಖಾತ್ರಿಯಾಗಲು ಕಾರಣವೂ ಇತ್ತು. ಅದಕ್ಕೆ ಹದಿನೈದು ದಿನ ಮೊದಲು ಇದೇ ಏರಿನಲ್ಲಿ ಒಂದು ಲಾರಿ ನನ್ನ ಕಾರಿನ ಬಲಗಡೆಯ ಕನ್ನಡಿಯನ್ನು ಕಿತ್ತುಕೊಂಡು ಹೋಗಿತ್ತು. ಕನ್ನಡಿ ಹೋಯಿತು, ನನಗೆ ಒಂದು ಗೀರೂ ಆಗಲಿಲ್ಲ. ಕನ್ನಡಿ ಹಾಕಿಸಲು, ಹಾಗೇ ಸರ್ವಿಸ್ ಮಾಡಿಸಲು ಯಾವಾಗಲೂ ಕೊಡುವ ಮಿಸ್ತ್ರಿಗೇ ಗಾಡಿ ಕೊಟ್ಟಿದ್ದೆ. ಕಾಲುವೆ ದಂಡೆಯಲ್ಲಿ ತಗಡಿನ ಶೆಡ್ಡು ಅವರದು. ಮೂಲ ಕಂಪ್ಲಿಯವರು, ಕಬ್ಬಿನ ಟ್ರ್ಯಾಕ್ಟರುಗಳ ಕೆಳಗೆ ಮಲಗಿ ಕೆಲಸ ಕಲಿತವರು. ಶುಕ್ರವಾರ ಮಧ್ಯಾಹ್ನ ನಮಾಜಿಗೆಂದು ಒಂದು ತಾಸು ಶೆಡ್ಡು ಮುಚ್ಚುತ್ತಿದ್ದರು, ಉಳಿದಂತೆ ಯಾವಾಗ ಹೋದರೂ ಇರುತ್ತಿದ್ದರು. ನಮ್ಮ ಶಾಲೆಯ ವ್ಯಾನೊಂದು ಹೊಸಪೇಟೆಯಿಂದ ಮಕ್ಕಳನ್ನು ಕರೆತರುತ್ತದೆ, ಅದರ ದೇಖರೇಖಿಯೂ ಅವರದೇ. ಮಾತು ಕಡಿಮೆ. ನಾಲ್ಕು ವರ್ಷದಲ್ಲಿ ಅವರ ಮೇಲೆ ನನ್ನದೊಂದು ದೂರೂ ಇರಲಿಲ್ಲ.

ಕನ್ನಡಿ ಹೋದ ದಿನ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಇರುವವರು ನಾನು, ಅಮ್ಮ, ಇಬ್ಬರೇ. ಎಪ್ಪತ್ತು ದಾಟಿದ ಅಮ್ಮ ಮಡಿ, ಏಕಾದಶಿ, ತುಳಸಿ ಯಾವುದನ್ನೂ ಬಿಟ್ಟವಳಲ್ಲ. ಕನ್ನಡಿಯ ಸುದ್ದಿ ಕೇಳಿದವಳೇ ಮನೆದೇವರಿಗೆ ಹರಕೆ ಹೊತ್ತಳು. ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಕಾರಿನೊಳಗೆ ತೂಗುಹಾಕುತ್ತೇನೆ, ವರ್ಷ ಸುಸೂತ್ರ ಕಳೆದರೆ ಗುಡಿಗೆ ಒಪ್ಪಿಸಿ ಬರೋಣ ಎಂದಳು. ನಾನು ತಲೆನೋವಿನಲ್ಲಿದ್ದೆ, ಪೊಲೀಸು, ವಿಮೆ ಎಂದು ಓಡಾಡಿ ಬಂದಿದ್ದೆ. "ನನ್ನ ಕಾರು ನಿನ್ನ ದೇವರಮನೆ ಅಲ್ಲ. ಒಂದು ದಾರ ಕಂಡರೂ ಕಿತ್ತು ಕಾಲುವೆಗೆ ಎಸೀತೀನಿ" ಎಂದುಬಿಟ್ಟೆ. ಅಮ್ಮ ಒಳಗೆ ಹೋದಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಸ್ಟಾಫ್ ರೂಮಿನಲ್ಲಿ ಹಳದಿ ದೀಪದ ವಿಚಾರಣೆ ನಡೆಯಿತು. ದೋಣಿಮಲೈ ಕ್ವಾರ್ಟರ್ಸಿನಿಂದ ಬರುವ ವಿಜ್ಞಾನದ ಮೇಷ್ಟ್ರು ನಮ್ಮಲ್ಲಿ ಎಲ್ಲದಕ್ಕೂ ಕೊನೆಯ ಮಾತು. ಸರ್ವಿಸ್ ಆಗಿ ಎರಡು ವಾರವೂ ಆಗಿಲ್ಲವೆಂದರೆ ಅದು ಕೈಚಳಕ, ಒಂದು ವೈರು ಸಡಿಲ ಬಿಟ್ಟರೆ ಗಿರಾಕಿ ತಾನಾಗಿ ತಿರುಗಿ ಬರುತ್ತಾನೆ ಎಂದು ಅವರು ತೀರ್ಪು ಕೊಟ್ಟರು. ಗಣಿತದ ಮೇಡಂ ತಮ್ಮ ಸ್ಕೂಟರಿಗೂ ಎಲ್ಲೋ ಹಾಗೇ ಆಗಿತ್ತು ಎಂದರು. ಮಧ್ಯಾಹ್ನದ ಡಬ್ಬಿ ಮುಚ್ಚುವ ಹೊತ್ತಿಗೆ ನಾನು ಸಿಟ್ಟಿನಿಂದ ಪೂರ್ತಿ ಕಾದಿದ್ದೆ. ಬೈಯಬೇಕಾದ ಮಾತುಗಳನ್ನು ಇಳಿಜಾರಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದೆ.

ಸಂಜೆ ಶೆಡ್ಡಿನ ಮುಂದೆ ಏಳೆಂಟು ಮಂದಿ ಇದ್ದರು. ಬೆಂಚಿನ ಮೇಲೆ ಚಹಾ ಕುಡಿಯುವವರು, ಟಯರಿನ ಮೇಲೆ ಕೂತವರು, ಕಬ್ಬಿನ ಟ್ರ್ಯಾಕ್ಟರಿಗೆ ಒರಗಿ ನಿಂತ, ಹೆಗಲ ಮೇಲೆ ಕೆಂಪು ಟವೆಲ್ಲಿನ ಒಬ್ಬ. ನಾನು ಇಳಿಯುವ ಮೊದಲೇ ಶುರು ಮಾಡಿದೆ. ಮಿಸ್ತ್ರಿ ಚಿಕ್ಕದೊಂದು ಯಂತ್ರ ತಂದು ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿ, ಅದರ ಪರದೆ ನೋಡಿ, ಯಾವುದೋ ಸೆನ್ಸರಿನ ವೈರಿನದು ಎಂದರು. ಬಾನೆಟ್ಟು ಎತ್ತಿದರು. ಬಗ್ಗಿ ಒಳಗೆ ನೋಡಿದವರು ಬ್ಯಾಟರಿಯ ಪಕ್ಕದಲ್ಲಿ ಕೈ ಹಾಕಿ ಏನನ್ನೋ ಕಿತ್ತು ಮುಷ್ಟಿಯೊಳಗೆ ಹಿಡಿದುಕೊಂಡರು. ಬೆರಳ ಸಂದಿಯಲ್ಲಿ ಹಳದಿ ಬಟ್ಟೆಯ ಚೂರೊಂದು ಕಂಡಿತು. ಒರೆಸುವ ಬಟ್ಟೆ ಮರೆತು ಬಿಟ್ಟಿದ್ದಾರೆ, ಈಗ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ.

ಇಲಿ ವೈರು ಕಡಿದಿದೆ ಎಂದರು ಅವರು.

ನಾನು ಬಗ್ಗಿ ನೋಡಿದೆ. ಹೌದು, ಹಿಕ್ಕೆ ಬಿದ್ದಿತ್ತು, ಎರಡು ವೈರಿನ ತಾಮ್ರ ಹೊರಗೆ ಬಂದಿತ್ತು. ಆ ಕ್ಷಣ ನಾನು ಏಕವಚನಕ್ಕೆ ಇಳಿದೆ. ನಾಲ್ಕು ವರ್ಷ 'ನೀವು' ಎಂದು ಮಾತಾಡಿಸಿದ ಮನುಷ್ಯನಿಗೆ, ನನಗಿಂತ ಹತ್ತು ವರ್ಷ ದೊಡ್ಡವರಿಗೆ, ಏಳೆಂಟು ಮಂದಿಯ ಮುಂದೆ ಹೇಳಿದೆ: "ನಾಲ್ಕು ವರ್ಷ ನಮ್ಮ ಅಂಗಳದಾಗ ನಿಂತ ಗಾಡಿಗೆ ಇಲಿ ಬರಲಿಲ್ಲ. ನಿನ್ನ ಶೆಡ್ಡಿನಾಗ ಎರಡು ದಿನ ಇದ್ದದ್ದಕ್ಕೆ ಬಂತು. ಇದೇನು ಗ್ಯಾರೇಜೋ, ಇಲಿ ಸಾಕೋ ಜಾಗನೋ?"

ಕೆಂಪು ಟವೆಲ್ಲಿನವನು ಮೊದಲು ನಕ್ಕ. ಆಮೇಲೆ ಬೆಂಚಿನವರೂ ನಕ್ಕರು. ನಿಜ ಹೇಳಬೇಕೆಂದರೆ ಆ ನಗು ನನಗೆ ಹಿತವಾಯಿತು. ತರಗತಿಯಲ್ಲಿ ಒಬ್ಬ ಹುಡುಗನನ್ನು ಗೇಲಿ ಮಾಡಿ ಉಳಿದವರನ್ನು ನಗಿಸುವ ಚಟ ಮೇಷ್ಟ್ರುಗಳಿಗೆ ಇರುತ್ತದೆ, ನನಗೂ ಇದೆ. ಅದೇ ಮಾತನ್ನು ಇನ್ನೊಂದು ಸಲ ಹೇಳಿದೆ.

ಮಿಸ್ತ್ರಿ ತಲೆ ಎತ್ತಲಿಲ್ಲ. "ತಪ್ಪಾತ್ರಿ ಮೇಡಂ. ನಂದ ತಪ್ಪು. ನಾ ವಿಚಾರ ಮಾಡಬೇಕಿತ್ತು."

ತಪ್ಪು ಒಪ್ಪಿಕೊಂಡ ಮೇಲೆ ನನಗೆ ಇನ್ನೇನು ಬೇಕಿತ್ತು? ಅವರು ವೈರು ಜೋಡಿಸಿ, ಟೇಪು ಸುತ್ತಿ, ಯಂತ್ರದಿಂದ ಆ ದೀಪ ಆರಿಸಿದರು. ನಾನು ಪರ್ಸು ತೆಗೆದರೆ ಬ್ಯಾಡ್ರಿ ಎಂದು ಕೈಯಾಡಿಸಿದರು. ನಾನು ಚಾವಿ ತಿರುವಿದಾಗ ಕಿಟಕಿಯ ಹತ್ತಿರ ಬಂದು ನಿಂತರು. "ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಹಳದಿ ಸುಮ್ನ ಹತ್ತಿ ನಿಂತ್ರ ಸಾವಕಾಶ ಬರ್ರಿ, ತೋರಸ್ರಿ. ಮಿಣಕ್ ಮಿಣಕ್ ಅಂದ್ರ ಬದಿಗ್ ಹಾಕಿ ನಿಂದ್ರಸ್ರಿ, ಓಡಸಬ್ಯಾಡ್ರಿ. ಏನೋ ಆಗೈತಿ ಅಂತ ಅಷ್ಟ ಹೇಳತೈತ್ರಿ ಅದು. ಏನಾಗೈತಿ ಅಂತ ಹೇಳಂಗಿಲ್ಲ."

ನಿನ್ನಿಂದ ಪಾಠ ಹೇಳಿಸಿಕೊಳ್ಳಬೇಕಾ ಎಂದು ಮನಸ್ಸಿನಲ್ಲೇ ಅಂದುಕೊಂಡು ಗಾಜು ಏರಿಸಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಇವತ್ತು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲವೇನೋ. ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲವನ್ನೂ ಉಪ್ಪು ಖಾರ ಹಚ್ಚಿ ಹೇಳಿದೆ, ಇಲಿ ಸಾಕುವ ಜಾಗದ ಮಾತನ್ನಂತೂ ಮೂರು ಸಲ. ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲೂ ಬರೆದೆ. ಆ ಶೆಡ್ಡಿಗೆ ಗಾಡಿ ಕೊಡುತ್ತಿದ್ದ ನಾಲ್ಕೈದು ಜನ ಬೇರೆ ಕಡೆ ಕೊಡಲು ಶುರು ಮಾಡಿದರು. ಆ ತಿಂಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯರು ವ್ಯಾನಿನ ಮಾತು ತೆಗೆದಾಗ ಯಾರೂ ಕೇಳದಿದ್ದರೂ ನಾನೇ ಎದ್ದು ನಿಂತೆ. ಮಕ್ಕಳು ಕೂರುವ ಗಾಡಿ ಸರ್, ಇಂಥವರ ಕೈಗೆ ಕೊಡಬಾರದು ಎಂದೆ. ಅವರೇ ತಪ್ಪು ಒಪ್ಪಿಕೊಂಡಿದ್ದಾರೆ ಎಂದೂ ಸೇರಿಸಿದೆ. ಅದೇ ವಾರ ವ್ಯಾನು ಅವರಿಂದ ಹೋಯಿತು. ನಾನೂ ಬೈಪಾಸಿನ ದೊಡ್ಡ ಗ್ಯಾರೇಜಿಗೆ ಕಾರು ಬಿಡತೊಡಗಿದೆ. ಅಲ್ಲಿ ಕೂರಲು ಸೋಫಾ ಇದೆ, ಎಸಿ ಇದೆ.

ವರ್ಷ ಕಳೆಯಿತು. ಒಂದು ಶನಿವಾರ ಮಧ್ಯಾಹ್ನ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಅಮ್ಮ ರೇಷ್ಮೆ ಸೀರೆ ಉಟ್ಟು ತಯಾರಾಗಿ ಪಡಸಾಲೆಯಲ್ಲಿ ಕೂತಿದ್ದಳು. ಹಂಪಿ ದಾರಿಯ ಗುಡಿಗೆ ಹೋಗಬೇಕು, ಅದಕ್ಕೂ ಮೊದಲು ಮಿಸ್ತ್ರಿಯ ಹತ್ತಿರ ಹೋಗಬೇಕು ಎಂದಳು. ಯಾಕೆ ಎಂದೆ. ಅಮ್ಮ ಸೆರಗಿನ ತುದಿ ನೋಡಿಕೊಂಡು, ನಾನು ಸಿಟ್ಟಿಗೇಳಬಾರದು ಎಂದು ಮಾತು ತೆಗೆದುಕೊಂಡು, ಹೇಳಿದಳು. "ಮುಡಿಪು ಬಿಚ್ಚಿಸಬೇಕು. ವರ್ಷ ತುಂಬಿತು. ನಿನ್ನ ಕಾರಿನಾಗ ಕಟ್ಟಿಸೀನಿ."

ಕಿತ್ತು ಕಾಲುವೆಗೆ ಎಸೆಯುತ್ತೇನೆ ಎಂದು ನಾನು ಅಂದಿದ್ದೆನಲ್ಲ, ಅದಕ್ಕೆ ಅಮ್ಮ ನನಗೆ ಕಾಣದ ಜಾಗ ಹುಡುಕಿದ್ದಳು. ಸರ್ವಿಸ್ ಮುಗಿಸಿ ಮಿಸ್ತ್ರಿ ಗಾಡಿಯನ್ನು ಮನೆಗೆ ತಂದು ಬಿಟ್ಟ ಭಾನುವಾರ ನಾನು ಸ್ನಾನಕ್ಕೆ ಹೋಗಿದ್ದೆ. ಅಮ್ಮ ಗೇಟಿನ ಹತ್ತಿರ ಹೋಗಿ ಅವರನ್ನು ಕೇಳಿಕೊಂಡಿದ್ದಳು. ಇಂಜಿನ್ನಿನ ಹತ್ತಿರ ಎಲ್ಲಾದರೂ ಕಟ್ಟು, ನನ್ನ ಮಗಳಿಗೆ ಗೊತ್ತಾಗಬಾರದು, ಅವಳಿಗೆ ಇದೆಲ್ಲ ಸೇರುವುದಿಲ್ಲ. ಅವರು ಮೊದಲು ಹಿಂದೆಮುಂದೆ ನೋಡಿದರಂತೆ. ಆಮೇಲೆ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ಬಂದು, ಎರಡೂ ಕೈಯೊಡ್ಡಿ ತೆಗೆದುಕೊಂಡರಂತೆ. "ಹೇಳಂಗಿಲ್ರಿ ಅಮ್ಮಾರ" ಎಂದರಂತೆ. ಅದನ್ನು ಹೇಳುವಾಗ ಅಮ್ಮನ ಮುಖದಲ್ಲಿ ಸಣ್ಣ ನಗು ಇತ್ತು.

ಮುಡಿಪಿನೊಳಗೆ ಏನಿತ್ತು ಎಂದು ಕೇಳಿದೆ. ಒಂದು ಬೆಳ್ಳಿ ನಾಣ್ಯ, ಅರಿಸಿನದ ಕೊಂಬು, ಎರಡು ಹಿಡಿ ಅಕ್ಕಿ. ಬರೀ ಅಕ್ಕಿ ಯಾಕೆಂದು ಒಂದು ಅಚ್ಚು ಬೆಲ್ಲ, ಒಂದು ಹೋಳು ಕೊಬ್ಬರಿ.

ಅಯ್ಯೋ ನನ್ನ ಬಾಯಿಗೆ ಬೆಂಕಿ ಬೀಳಲಿ, ಎಂದುಕೊಂಡೆ. ಅಕ್ಕಿ, ಬೆಲ್ಲ, ಕೊಬ್ಬರಿ ಕಟ್ಟಿಟ್ಟರೆ ಇಲಿ ಬಾರದೆ ಇನ್ನೇನು ಬರಬೇಕು? ಇಲಿ ಬಂದದ್ದು ಅವರ ಶೆಡ್ಡಿನಿಂದಲ್ಲ, ನಮ್ಮ ಹಿತ್ತಲಿನಿಂದ. ಅಂಗಳಕ್ಕೆ ಹೋಗಿ ಬಾನೆಟ್ಟು ಎತ್ತಿದೆ. ಬ್ಯಾಟರಿಯ ಪಕ್ಕದ ಕಬ್ಬಿಣದ ಪಟ್ಟಿಗೆ ಮಾಸಿದ ಹಳದಿ ದಾರವೊಂದು ಇನ್ನೂ ಗಂಟು ಬಿದ್ದುಕೊಂಡಿತ್ತು. ವರ್ಷವಿಡೀ ಅದು ಅಲ್ಲೇ ಇತ್ತು. ಅವರ ಮುಷ್ಟಿಯಲ್ಲಿ ಕಂಡ ಬಟ್ಟೆ ಯಾವುದು ಎಂದು ಆಗ ಗೊತ್ತಾಯಿತು. ನಂದೇ ತಪ್ಪು ಎಂದು ಅವರು ಯಾಕೆ ಅಂದರು ಎಂಬುದೂ ಗೊತ್ತಾಯಿತು. ಒಂದು ಮಾತು ಹೇಳಿದ್ದರೆ ಸಾಕಿತ್ತು, ನಿಮ್ಮ ತಾಯಿಯೇ ಕಟ್ಟಿಸಿದ್ದು ಎಂದು. ಹೇಳಿದ್ದರೆ ನಾನು ಮನೆಗೆ ಬಂದು ಅಮ್ಮನ ಮೇಲೆ ಹಾರಿಬೀಳುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು.

ಅಮ್ಮನಿಗೆ ಏನೂ ಹೇಳಲಿಲ್ಲ. ಬಿಸಿಲು ಭಾಳ ಇದೆ, ನಾನೇ ಹೋಗಿ ಬಿಚ್ಚಿಸಿಕೊಂಡು ಬರುತ್ತೇನೆ, ನೀನು ಕೂತಿರು ಎಂದೆ. ಹೊರಟ ಹೊತ್ತನ್ನೂ ಲೆಕ್ಕ ಹಾಕಿಯೇ ಹೊರಟೆ. ಮೂರು ಗಂಟೆಯ ಬಿಸಿಲಿಗೆ ಶೆಡ್ಡಿನಲ್ಲಿ ಮಿಸ್ತ್ರಿ ಬಿಟ್ಟು ಬೇರೆ ಯಾರೂ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಯಾರೂ ಇರಲಿಲ್ಲ. ವ್ಯಾನು ನಿಲ್ಲುತ್ತಿದ್ದ ಜಾಗದಲ್ಲಿ ಹಳೇ ಟಯರು ಪೇರಿಸಿದ್ದರು. ಮಿಸ್ತ್ರಿ ನನ್ನನ್ನು ನೋಡಿ ಎದ್ದು ನಿಂತರು. ಅಮ್ಮನ ಮುಡಿಪು ಎಂದಷ್ಟೇ ಹೇಳಿದೆ. ಅವರು ಏನೂ ಕೇಳದೆ ಸ್ಟೂಲು ಹತ್ತಿ, ಮೇಲಿನ ಹಲಗೆಯ ಮೇಲಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದರು. ಅದರೊಳಗೆ ಹಳದಿ ಗಂಟು ಇತ್ತು. ಹಳೆಯ ಬಟ್ಟೆಯನ್ನು ಇಲಿ ಹರಿದಿತ್ತು, ದೇವರದು ನೋಡಿ, ಎಸೆಯಲು ಮನಸ್ಸಾಗಲಿಲ್ಲ, ನಾಣ್ಯ ಮತ್ತು ಕೊಂಬು ಅಮ್ಮಾರವೇ, ಅಕ್ಕಿ, ಬೆಲ್ಲ, ಕೊಬ್ಬರಿ ಮಾತ್ರ ಇಲಿ ತಿಂದಿತ್ತು, ನಮ್ಮ ಮನೆಯಾಕೆ ಹೊಸ ಬಟ್ಟೆಗೆ ಅರಿಸಿನ ಹಚ್ಚಿ ನಮ್ಮ ಮನೆಯ ಅಕ್ಕಿ ಹಾಕಿ ಕಟ್ಟಿದಳು, ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ ಎಂದು ತಡವರಿಸುತ್ತ ಹೇಳಿದರು. ಅಮ್ಮ ಒಂದು ದಿನ ಬಂದು ಕೇಳಬಹುದು ಎಂದು ವರ್ಷಪೂರ್ತಿ ಇಟ್ಟುಕೊಂಡಿದ್ದರು.

ನನ್ನದು ತಪ್ಪಾಯಿತು ಎಂದೆ. ಮೆಲ್ಲಗೆ ಹೇಳಿದೆ, ಪಕ್ಕದ ಪಂಕ್ಚರ್ ಅಂಗಡಿಯವನಿಗೂ ಕೇಳಿಸದ ಹಾಗೆ. ಇರಲಿ ಬಿಡಿ ಎಂದರು ಅವರು. ಕಾರಿಗೆ ಬಂದು ಕೂತಾಗ ಎದೆ ಹಗುರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆಗಿರಲಿಲ್ಲ.

ಸಂಜೆ ಅಮ್ಮನನ್ನು ಕೂರಿಸಿಕೊಂಡು ಹಂಪಿ ರಸ್ತೆ ಹಿಡಿದೆ. ಮುಡಿಪು ಅವಳ ಮಡಿಲಲ್ಲಿತ್ತು. ಮಲಪನಗುಡಿ ಹತ್ತಿರವಾದಾಗ ಅಮ್ಮ ಅದನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದು, ಬೆರಳಿನಿಂದ ಗಂಟು ಮುಟ್ಟಿ ನೋಡಿದಳು.

"ಇದು ನಾ ಹಾಕಿದ ಗಂಟಲ್ಲ. ಏನಾಗ್ಯದ, ಖರೇ ಹೇಳು."

ಊರಾಚೆಯ ಹಳೇ ಬಾವಿಯ ಹತ್ತಿರ ಗಾಡಿ ಬದಿಗೆ ಹಾಕಿ ನಿಲ್ಲಿಸಿದೆ. ಎಲ್ಲವನ್ನೂ ಹೇಳಿದೆ. ಹಳದಿ ದೀಪ, ಇಲಿ, ಏಕವಚನ, ವಾಟ್ಸಾಪ್, ವ್ಯಾನು, ಬಿಸ್ಕತ್ತಿನ ಡಬ್ಬಿ, ಅವರ ಮನೆಯ ಅಕ್ಕಿ. ಅಕ್ಕಿಯ ವಿಷಯಕ್ಕೆ ಅಮ್ಮ ಏನನ್ನುತ್ತಾಳೋ ಎಂದು ಹೆದರಿಕೆ ಇತ್ತು, ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅಮ್ಮ ಅಕ್ಕಿಯ ಮಾತು ಎತ್ತಲೇ ಇಲ್ಲ. ಎದುರಿನ ರಸ್ತೆ ನೋಡುತ್ತ ಕೇಳಿದಳು.

"ಬೈಯುವಾಗ ಎಷ್ಟು ಮಂದಿ ಇದ್ರು?"

ಏಳೆಂಟು ಎಂದೆ.

"ತಪ್ಪಾತು ಅನ್ನುವಾಗ?"

ಯಾರೂ ಇರಲಿಲ್ಲ ಎಂದೆ.

"ಗಾಡಿ ತಿರುಗಸು."

ನಾಳೆ ಹೋಗೋಣ, ಗುಡಿ ಮುಚ್ಚುತ್ತದೆ ಎಂದೆ. ಅಮ್ಮ ಬಾಗಿಲ ಹಿಡಿಕೆಗೆ ಕೈ ಹಾಕಿದಳು. ಇಳಿದು ನಡೆದೇ ಹೋಗುವವಳು ಅವಳು. ತಿರುಗಿಸಿದೆ.

ನಾವು ಶೆಡ್ಡು ಮುಟ್ಟಿದಾಗ ಸಂಜೆಯ ಮಂದಿ ಸೇರಿದ್ದರು, ನಾಲ್ಕೈದು ಜನ. ಆವತ್ತು ಮೊದಲು ನಕ್ಕ ಕೆಂಪು ಟವೆಲ್ಲಿನವನು ಅವರಲ್ಲಿರಲಿಲ್ಲ. ನಾನು ಇನ್ನೂ ಇಂಜಿನ್ ಆರಿಸಿರಲಿಲ್ಲ, ಅಮ್ಮ ಬಾಗಿಲು ತೆಗೆದು ಇಳಿದುಬಿಟ್ಟಳು. ರೇಷ್ಮೆ ಸೀರೆಯ ನಿರಿಗೆ ಎತ್ತಿ ಹಿಡಿದು, ಆಯಿಲ್ ಚೆಲ್ಲಿದ ನೆಲದಲ್ಲಿ ಹೆಜ್ಜೆ ನೋಡಿ ಇಡುತ್ತ ನಡೆದಳು. ಮುಟ್ಟು ತಟ್ಟು ಎಂದು ಮನೆಯ ಬಟ್ಟೆಹಗ್ಗದಿಂದಲೂ ದೂರ ನಿಲ್ಲುವ ನನ್ನ ಅಮ್ಮ. ಮಿಸ್ತ್ರಿ ಗಾಬರಿಯಾಗಿ ಕೈ ಒರೆಸಿಕೊಳ್ಳುತ್ತ ಬಂದು, ಬರ್ರಿ ಅಮ್ಮಾರ, ಕುಂದ್ರಿ ಎಂದು ಸ್ಟೂಲು ಎಳೆದರು. ಅಮ್ಮ ಕೂರಲಿಲ್ಲ. ಎರಡೂ ಕೈ ಜೋಡಿಸಿದಳು.

"ನನ್ನ ಮಾತು ಉಳಿಸಲಿಕ್ಕೆ ಹೋಗಿ ನೀನು ಬೈಸಿಕೊಂಡ್ಯಪ್ಪಾ. ಅಕ್ಕಿ, ಬೆಲ್ಲ ಕಟ್ಟಿಕೊಟ್ಟಾಕಿ ನಾನು. ಇಲಿ ಕರೆದಾಕಿ ನಾನು. ನೀವೆಲ್ಲ ಕೇಳ್ರಿ, ಇವನ ತಪ್ಪು ಏನೂ ಇಲ್ಲ."

ಬೆಂಚಿನ ಮೇಲಿನವರು ಎದ್ದು ನಿಂತರು. ಅವರಿಗೆ ತಲೆ ಬುಡ ತಿಳಿಯಲಿಲ್ಲ. ಮಿಸ್ತ್ರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. "ಹೇಳಬ್ಯಾಡ ಅಂದಿದ್ರಿ ಅಮ್ಮಾರ, ಹೇಳಲಿಲ್ಲ. ಅಷ್ಟ್ರಿ" ಎಂದರು.

ಅಲ್ಲಿಯ ತನಕ ನಾನು ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದೆ. ನಾನು ಹೇಳಬೇಕಾದ ಮಾತನ್ನು ಎಪ್ಪತ್ತು ದಾಟಿದ ಅಮ್ಮ ಹೇಳುತ್ತಿದ್ದಳು, ಅದೂ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡು. ಅವಳ ತಪ್ಪು ಎರಡು ಹಿಡಿ ಅಕ್ಕಿ, ಒಂದು ಅಚ್ಚು ಬೆಲ್ಲ. ಉಳಿದದ್ದೆಲ್ಲ ನನ್ನದು. ಇಂಜಿನ್ ಆರಿಸಿ ಇಳಿದೆ. ನಾನು ಹತ್ತಿರ ಹೋದ ಕೂಡಲೇ ಮಿಸ್ತ್ರಿಯ ಕಣ್ಣು ನನ್ನನ್ನು ದಾಟಿ ಕಾರಿನ ಕಡೆ ಹೋಯಿತು.

"ಲೈಟ್ ಏನಾರ ಹತ್ತೈತೇನ್ರಿ ಮೇಡಂ?"

ನಾನು ಬಂದಿದ್ದೇನೆ ಎಂದರೆ ಬೈಯಲು ಏನೋ ಸಿಕ್ಕಿರಬೇಕು ಎಂದೇ ಅವರ ಲೆಕ್ಕ. ಇಲ್ಲ ಎಂದೆ. ಆಮೇಲೆ ಅಲ್ಲಿದ್ದವರ ಕಡೆ ತಿರುಗಿ, ಹೋದ ವರ್ಷ ಇದೇ ಜಾಗದಲ್ಲಿ ನಿಂತು ನಾನು ಏನು ಅಂದಿದ್ದೆ, ಅದು ಹೇಗೆ ಸುಳ್ಳಾಗಿತ್ತು ಎಂದು ಹೇಳಿದೆ. ದಿನಾ ನಲವತ್ತು ಮಕ್ಕಳ ಮುಂದೆ ನಿಂತು ಮಾತಾಡುವವಳಿಗೆ ಐದು ಮಂದಿಯ ಮುಂದೆ ಮಾತು ಸಲೀಸಾಗಿ ಬರಲಿಲ್ಲ. ಮಿಸ್ತ್ರಿ ಚಹಾ ತರಿಸಿದರು. ಅಮ್ಮ ಹೊರಗೆ ಕುಡಿಯುವವಳಲ್ಲ. ಲೋಟ ಕೈಯಲ್ಲಿ ಹಿಡಿದುಕೊಂಡೇ ಅವರ ಮನೆಯಾಕೆಯನ್ನು, ಮಕ್ಕಳನ್ನು ವಿಚಾರಿಸಿದಳು. ಹೊರಡುವಾಗ ಮುಡಿಪನ್ನು ಕಣ್ಣಿಗೆ ಒತ್ತಿಕೊಂಡು, ಇದು ಹೀಗೇ ಹೋಗ್ತದ ಗುಡಿಗೆ ಎಂದಳು. ಮರುದಿನ ಹಾಗೇ ಹೋಯಿತು.

ಸೋಮವಾರ ಸ್ಟಾಫ್ ರೂಮಿನಲ್ಲಿ ಹೇಳಿದೆ. ಎಲ್ಲರಿಗೂ ಅಮ್ಮನ ಮುಡಿಪಿನ ಕಥೆ ಬಹಳ ಹಿಡಿಸಿತು. ಬಿದ್ದು ಬಿದ್ದು ನಕ್ಕರು. ಕೈಚಳಕ ಎಂದಿದ್ದ ಮೇಷ್ಟ್ರಿಗೆ ತಾವು ಹಾಗೆ ಅಂದದ್ದೇ ನೆನಪಿರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಬರೆದೆ, ಕೈ ಮುಗಿಯುವ ಗೊಂಬೆಗಳು ಬಂದವು. ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ ವ್ಯಾನನ್ನು ಮತ್ತೆ ಮಿಸ್ತ್ರಿಗೇ ಕೊಡಿ ಎಂದು ಕೇಳಿದೆ. ಈಗಿನವರು ಸರಿಯಾಗಿಯೇ ಮಾಡುತ್ತಿದ್ದಾರಲ್ಲ ಮೇಡಂ, ಅವರನ್ನು ಬಿಡಿಸಲು ಕಾರಣ ಬೇಕಲ್ಲ ಎಂದರು. ಮಿಸ್ತ್ರಿಯನ್ನು ಬಿಡಿಸಿದಾಗ ಯಾವ ಕಾರಣ ಇತ್ತು ಎಂದು ಕೇಳಬೇಕೆನಿಸಿತು. ಕಾರಣ ನಾನೇ ಆಗಿದ್ದೆ, ಹೇಗೆ ಕೇಳುವುದು? ವ್ಯಾನು ಹೋದದ್ದು ಹೋಯಿತು. ಬೆಳಿಗ್ಗೆ ಅದು ಗೇಟಿನೊಳಗೆ ಬಂದಾಗ ನಾನು ಬೇರೆ ಕಡೆ ನೋಡುತ್ತೇನೆ.

ಆವತ್ತಿನ ಏಳೆಂಟು ಮಂದಿಯನ್ನು ಹುಡುಕುವುದು ಒಂದು ಹುಚ್ಚಾಯಿತು. ಅವರ ಮುಖ ನನಗೆ ನೆನಪಿಲ್ಲ, ಒಬ್ಬನದು ಬಿಟ್ಟು. ಸಂತೆಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕೆಂಪು ಟವೆಲ್ಲು ಕಂಡರೆ ನಿಂತು ನೋಡುತ್ತಿದ್ದೆ. ಈ ಭಾಗದಲ್ಲಿ ಕೆಂಪು ಟವೆಲ್ಲಿಗೇನು ಬರವೇ?

ಕೊನೆಗೆ ಹೋದ ತಿಂಗಳು ಸಿಕ್ಕಿದ. ಕಂಪ್ಲಿಯಲ್ಲಿ ಚಿಕ್ಕಮ್ಮನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲ್ಲಿನ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ ಗೆಳೆಯನ ಜೊತೆ ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದ. ಅವನೇ. ಗೃಹಪ್ರವೇಶದ ಸೀರೆಯಲ್ಲೇ ರಸ್ತೆ ದಾಟಿ ಹೋಗಿ ಮಾತಾಡಿಸಿದೆ. ಆ ಸಂಜೆ ಬೈದವಳು ನಾನೇ ಎಂದೆ. ಅವನಿಗೆ ನೆನಪಾಯಿತು, ನಕ್ಕ. ನಗಬೇಡಿ, ಕೇಳಿ ಎಂದು ಪೂರ್ತಿ ಹೇಳಿದೆ, ಅಕ್ಕಿ ಬೆಲ್ಲದಿಂದ ಬಿಸ್ಕತ್ತಿನ ಡಬ್ಬಿಯ ತನಕ. ಅವನು ಮಂಡಕ್ಕಿ ಕೆಳಗಿಟ್ಟು ಕೇಳಿದ. ಒಳ್ಳೆಯ ಮನುಷ್ಯ, ಕಣ್ಣು ತೇವ ಮಾಡಿಕೊಂಡ.

"ಗೊತ್ರಿ ಮೇಡಂ, ಭಾಳ ಚಲೋ ಮನಷ್ಯಾ. ನನ್ನ ಗಾಡಿ ಈಗೂ ಅವರ ಕಡೆನ ಬಿಡ್ತೀನಿ" ಎಂದ.

ಪಕ್ಕದಲ್ಲಿದ್ದ ಗೆಳೆಯ, ಯಾರ ಸುದ್ದಿಯದು ಎಂದು ಕೇಳಿದ.

"ಅದಪಾ, ನಮ್ಮ ಇಲಿ ಮಿಸ್ತ್ರಿ."

ಗೆಳೆಯನಿಗೆ ಕೂಡಲೇ ಗೊತ್ತಾಯಿತು, ತಲೆಯಾಡಿಸಿದ. ಹೊಸಪೇಟೆಯಿಂದ ಕಂಪ್ಲಿಯ ತನಕ ಟ್ರ್ಯಾಕ್ಟರಿನವರೆಲ್ಲ ಹಾಗೇ ಕರೆಯುತ್ತಾರಂತೆ, ಎದುರಿಗೇ ಕರೆಯುತ್ತಾರಂತೆ, ಅವರೂ ಓ ಎನ್ನುತ್ತಾರಂತೆ. ಆದರೆ ಆ ಹೆಸರು ಯಾಕೆ ಬಂತು ಎಂಬುದು ಗೆಳೆಯನಿಗೆ ತಿಳಿದಿರಲಿಲ್ಲ. ಶೆಡ್ಡಿನಲ್ಲಿ ಇಲಿ ಭಾಳ ಇರಬೇಕು ಎಂದುಕೊಂಡಿದ್ದನಂತೆ. ಚಿಕ್ಕಮ್ಮನ ಮನೆಯಲ್ಲಿ ಊಟಕ್ಕೆ ಎಲೆ ಹಾಕುತ್ತಿದ್ದಾರೆ ಎಂದು ಫೋನು ಬರುತ್ತಿತ್ತು. ಅದನ್ನು ಆರಿಸಿಟ್ಟು, ಆ ಗೆಳೆಯನ ಎದುರಿಗೆ ಕೂತು, ಮತ್ತೆ ಮೊದಲಿನಿಂದ ಹೇಳತೊಡಗಿದೆ.